ಭಾವನ ಜಿಗುಪ್ಸೆ

ನಮ್ಮ ಭಾವ ಬದುಕಿದ್ದಾರೆ, ಆರಾಮಾಗಿದ್ದಾರೆ. ಮೊನ್ನೆ ತಾನೆ ಫೋನ್ ಮಾಡಿ, "ನೀ ಕಳಿಸಿದ ಹೊಸಪ್ಯಾಟಿ ಅಂಗಡಿ ರೊಟ್ಟಿ ತಗಡು ಇದ್ದಂಗ ಅದಾವು, ಹಲ್ಲು ಬಿದ್ರ ನೀನ ಕಟ್ಟಿಸಿಕೊಡು" ಎಂದು ಬೈದರು. ಇದನ್ನು ಮೊದಲೇ ಹೇಳಿಬಿಟ್ಟರೆ ನನಗೂ ಹಗುರ, ಓದುವವರಿಗೂ ಹಗುರ. ಯಾಕೆಂದರೆ ಒಂದು ದಿನ ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಅವರು ಬದುಕಿಲ್ಲವೆಂದೇ ನಾವೆಲ್ಲ ತಿಳಿದಿದ್ದೆವು, ಅದೂ ನಮ್ಮದೇ ಪತ್ರಿಕೆಯ ಭಾಷೆಯಲ್ಲಿ.

ನಾನು ಹೊಸಪೇಟೆಯ ಒಂದು ಸಣ್ಣ ದಿನಪತ್ರಿಕೆಯಲ್ಲಿ ಕೆಲಸ ಮಾಡುತ್ತೇನೆ. ಸಂಡೂರು, ಕಂಪ್ಲಿ ಕಡೆಯ ವರದಿಗಾರರು ವಾಟ್ಸಾಪ್ ಗುಂಪಿಗೆ ಸುದ್ದಿ ಹಾಕುತ್ತಾರೆ. ಅದನ್ನು ತಿದ್ದಿ, ತಲೆಬರಹ ಕೊಟ್ಟು, ಪುಟಕ್ಕೆ ಬಿಡುವುದು ನನ್ನ ಪಾಲಿನ ಕೆಲಸ. ಬಹಳ ವರ್ಷದ ಕೆಲಸ, ಕಣ್ಣು ಮುಚ್ಚಿಕೊಂಡೂ ಮಾಡಬಲ್ಲೆ. ನಮ್ಮಲ್ಲಿ ಒಂದೊಂದು ಸುದ್ದಿಗೆ ಒಂದೊಂದು ಮಾತು ಮೊದಲೇ ನಿಗದಿಯಾಗಿರುತ್ತದೆ. ಹೊಡೆದಾಟವಾದರೆ "ಹಳೇ ದ್ವೇಷದ ಹಿನ್ನೆಲೆ". ಯಾರಾದರೂ ತಮ್ಮ ಜೀವ ತಾವೇ ಕಳೆದುಕೊಂಡರೆ "ಜೀವನದಲ್ಲಿ ಜಿಗುಪ್ಸೆಗೊಂಡು". ಫೋನಿನಲ್ಲಿ 'ಜಿ' ಒತ್ತಿದರೆ ಸಾಕು, ಮಿಕ್ಕಿದ್ದನ್ನು ಅದೇ ತುಂಬಿಕೊಡುತ್ತದೆ. ಸತ್ತವರ ಮನೆಗೆ ಹೋಗಿ ಕೇಳಿದವರು ಯಾರೂ ಇರುವುದಿಲ್ಲ. ಕೇಳುವುದಾದರೂ ಹೇಗೆ, "ನಿಮ್ಮ ಯಜಮಾನ್ರಿಗೆ ಜಿಗುಪ್ಸೆ ಆಗಿತ್ತೇನ್ರಿ" ಅಂತಲೇ?

ಆ ಮಾತನ್ನು ಮನೆಯೊಳಗೆ ಯಾರಾದರೂ ಆಡಿದ್ದನ್ನು ನಾನಂತೂ ಕೇಳಿಲ್ಲ. ನಮ್ಮ ಕಡೆ ಬಾಯಿಗೆ ಬರುವುದು ಹೇಸಿಗೆ, ಅದೂ 'ಹೇಸಿಗಿ'. ಅದು ಮೊದಲು ಕಾಲಿಗೆ ಹತ್ತುವ ವಸ್ತು: "ಏ, ನೋಡಿ ನಡಿ, ಹೇಸಿಗಿ ತುಳಿದಿ!" ಕೂಸು ಚಡ್ಡಿಯಲ್ಲಿ ಮಾಡಿಕೊಂಡರೂ ಹೇಸಿಗಿಯೇ. ನಾಚಿಕೆ ಬಿಟ್ಟವನನ್ನು "ಯಾವುದಕ್ಕೂ ಹೇಸದವ" ಎನ್ನುತ್ತಾರೆ. ಅಂದರೆ ಹೇಸುವುದು ತಪ್ಪಲ್ಲ, ಹೇಸಬೇಕಾದಲ್ಲಿ ಹೇಸದಿರುವುದು ತಪ್ಪು. ಆದರೆ ಇದೇ ಮಾತು ಮನುಷ್ಯರ ಮೇಲೆ ತಿರುಗಿದಾಗ ಕಥೆ ಬೇರೆ. ಸಿಟ್ಟು ಬಂದವರು ಜಗಳಕ್ಕೆ ನಿಲ್ಲುತ್ತಾರೆ, ಜಗಳವಾಡಿದವರನ್ನು ಹಿರಿಯರು ಕೂರಿಸಿ ರಾಜಿ ಮಾಡಿಸಬಹುದು. ಹೇಸಿಗೆ ಬಂದವರು ಜಗಳಕ್ಕೂ ಬರುವುದಿಲ್ಲ. ಸುಮ್ಮನೆ ತಟ್ಟೆ ಸರಿಸುತ್ತಾರೆ, ನಗುನಗುತ್ತಲೇ.

ನಗುನಗುತ್ತ ಎಂದು ಸುಮ್ಮನೆ ಹೇಳಲಿಲ್ಲ. ಕಂಪ್ಲಿಯಲ್ಲಿರುವ ನನ್ನ ಅಕ್ಕನಿಗೆ ಎರಡೂ ಕೈಗೆ ಸೋರಿಯಾಸಿಸ್ ಆಗಿತ್ತು. ಚರ್ಮ ಬೆಳ್ಳಗೆ ಹೊಪ್ಪಳೆ ಏಳುತ್ತಿತ್ತು, ಬೆರಳ ಸಂದಿ ಬಿರಿಯುತ್ತಿತ್ತು. ಡಾಕ್ಟರು, "ಇದು ಅಂಟುರೋಗ ಅಲ್ಲಮ್ಮ, ಯಾರಿಗೂ ಹತ್ತಲ್ಲ" ಎಂದು ಎರಡೆರಡು ಸಲ ಹೇಳಿದ್ದರು. ಡಾಕ್ಟರು ಹೇಳಿದ್ದು ಮಂದಿಯ ಹೊಟ್ಟೆಗೆ ಗೊತ್ತಾಗಬೇಕಲ್ಲ. ನಮ್ಮ ನೆಂಟರೊಬ್ಬರ ಮನೆ ಪ್ರವೇಶಕ್ಕೆ ಹೋದಾಗ ಅಕ್ಕ ಎಂದಿನಂತೆ ಸೆರಗು ಸಿಕ್ಕಿಸಿ ಒಲೆಯ ಮುಂದೆ ಕುಳಿತಳು. ರೊಟ್ಟಿ ಬಡಿಯುವುದರಲ್ಲಿ ನಮ್ಮ ಕುಲದಲ್ಲೇ ಅವಳನ್ನು ಮೀರಿಸಿದವರಿಲ್ಲ. ಒಂದಿಷ್ಟು ಬಡಿದಿದ್ದಳೋ ಇಲ್ಲವೋ, ಮನೆಯಾಕೆ ಬಂದು, "ಯವ್ವಾ, ನೀ ಯಾಕ ತ್ರಾಸ ತಗೊಂತಿ? ಕುಂದ್ರು, ಆರಾಮ ಕುಂದ್ರು. ನಾವ್ ಇದ್ದೀವಲ್ಲ!" ಎಂದು ಕೈ ಹಿಡಿಯದೆ, ತೋಳು ಹಿಡಿದು ಎಬ್ಬಿಸಿದಳು. ಊಟವೆಲ್ಲ ಮುಗಿದ ಮೇಲೆ ನೋಡಿದರೆ ಅಕ್ಕ ಬಡಿದ ರೊಟ್ಟಿ ಬುಟ್ಟಿಯ ತಳದಲ್ಲಿ ಹಾಗೇ ಇದ್ದವು. ನನಗೆ ಮೈಯೆಲ್ಲ ಉರಿದುಹೋಯಿತು, ಎರಡು ಮಾತು ಆಡೇಬಿಡುತ್ತಿದ್ದೆ. ಅಕ್ಕ ನನ್ನ ಸೀರೆ ಜಗ್ಗಿ, "ಸುಮ್ನಿರು, ಮಂದಿ ಮನಿ" ಎಂದಳು. ಅಂದಿನಿಂದ ಅವಳು ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡೇ ಮಾತಾಡುವುದನ್ನು ಕಲಿತಳು.

ಇನ್ನು ಭಾವ, ಅಕ್ಕನ ಗಂಡ. ಮೊದಲು ಯಶವಂತನಗರದಲ್ಲಿ ಗಣಿ ಕೆಲಸಗಾರರನ್ನು ಕರೆದೊಯ್ಯುವ ಕಂಪನಿ ಬಸ್ಸು ಓಡಿಸುತ್ತಿದ್ದರು. ಅದು ಬಿಟ್ಟ ಮೇಲೆ ಮೆಟ್ರಿಯಲ್ಲಿ ತಮ್ಮ ಪಾಲಿಗೆ ಬಂದ ಗದ್ದೆ ನೋಡಿಕೊಂಡಿದ್ದಾರೆ. ಮಾತು ಬಲು ಕಡಿಮೆ. ಬಸ್ಸಿನ ಹಾರ್ನಿಗೆ ಇದ್ದಷ್ಟು ದನಿಯೂ ಈ ಮನುಷ್ಯನಿಗೆ ಇಲ್ಲವಲ್ಲ ಎಂದು ನಾನೇ ಎಷ್ಟೋ ಸಲ ಕಾಡಿಸಿದ್ದೇನೆ. ಅವರು ಮೀಸೆಯಲ್ಲೇ ನಕ್ಕು ಎದ್ದು ಹೋಗುತ್ತಿದ್ದರು.

ಆ ದಿನ ಬೆಳಗ್ಗೆ ನಾನು ಆಫೀಸಿನಲ್ಲಿ ಚಹಾ ಲೋಟ ಹಿಡಿದು ಕುಳಿತಿದ್ದೆ. ಗುಂಪಿಗೆ ಕಂಪ್ಲಿಯ ವರದಿಗಾರನ ಸುದ್ದಿ ಬಂತು. ಅವನು ಜೆರಾಕ್ಸ್ ಅಂಗಡಿ ನಡೆಸುತ್ತ ನಮಗೂ ಸುದ್ದಿ ಕಳಿಸುವವನು. "ಕಾಲುವೆ ದಡದಲ್ಲಿ ಮೊಪೆಡ್, ಚಪ್ಪಲಿ, ಮೊಬೈಲ್ ಪತ್ತೆ. ಜೀವನದಲ್ಲಿ ಜಿಗುಪ್ಸೆಗೊಂಡು ವ್ಯಕ್ತಿಯೊಬ್ಬ ಕಾಲುವೆಗೆ ಹಾರಿರುವ ಶಂಕೆ ವ್ಯಕ್ತವಾಗಿದ್ದು ಮೃತನ ಗುರುತು ಪತ್ತೆಯಾಗಿಲ್ಲ." ನನಗೆ ತಲೆ ಕೆಟ್ಟಿತು. ಹೆಣ ಸಿಕ್ಕಿಲ್ಲ, ಆಗಲೇ ಮೃತ! ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ, ಜಿಗುಪ್ಸೆ ಮಾತ್ರ ಗೊತ್ತು! 'ಮೃತನ' ತೆಗೆದು 'ವ್ಯಕ್ತಿಯ' ಎಂದು ಮಾಡಿದೆ. ಜಿಗುಪ್ಸೆಯನ್ನು ಮುಟ್ಟಲಿಲ್ಲ, ಅದು ಇದ್ದೇ ಇರುತ್ತದಲ್ಲ. ಆಮೇಲೆ ಪುಟಕ್ಕೆ ಹಾಕಲು ಫೋಟೋ ತೆರೆದೆ.

ಮೊಪೆಡ್ಡಿನ ಸೀಟಿಗೆ ಕೌದಿಯ ಹೊದಿಕೆ. ನೀಲಿ ತುಂಡು, ಕೆಂಪು ತುಂಡು, ನಡುವೆ ನನ್ನದೇ ಹಳೆಯ ಹಸಿರು ಸೀರೆಯ ಅಂಚು. ಅಕ್ಕ ಕೈ ಕೆಡುವ ಮೊದಲು ಭಾವನ ಗಾಡಿಗೆಂದು ಹೊಲಿದದ್ದು. ಆ ತರಹದ ಸೀಟು ಜಗತ್ತಿನಲ್ಲಿ ಇನ್ನೊಂದಿರಲು ಸಾಧ್ಯವಿಲ್ಲ. ಚಹಾ ಲೋಟ ಎಲ್ಲಿಟ್ಟೆನೋ, ಬ್ಯಾಗು ಯಾರು ಕೊಟ್ಟರೋ, ಕಂಪ್ಲಿ ಬಸ್ಸು ಹೇಗೆ ಹತ್ತಿದೆನೋ. ಬಸ್ಸು ಹೊರಡುವ ಹೊತ್ತಿಗೆ ಒಂದು ಕೆಲಸ ಮಾತ್ರ ನೆಟ್ಟಗೆ ಮಾಡಿದೆ: ಆಫೀಸಿಗೆ ಫೋನ್ ಮಾಡಿ, "ಆ ಸುದ್ದಿ ಹಾಕಿದ್ರ ನೋಡ್ರಿ, ನಾ ಸುಮ್ನಿರಂಗಿಲ್ಲ" ಎಂದೆ.

ಕಮಲಾಪುರದಲ್ಲಿ ಹಂಪಿ ನೋಡಲು ಬಂದವರ ಒಂದು ದೊಡ್ಡ ಗುಂಪು ಹತ್ತಿತು. ಟೋಪಿ, ನೀರಿನ ಬಾಟಲಿ, ನಗು. ನನಗೆ ಅವರ ನಗುವಿನ ಮೇಲೇ ಕೋಪ ಬಂತು. ಅಕ್ಕನಿಗೆ ಫೋನ್ ಮಾಡಿದರೆ ಎತ್ತುತ್ತಿಲ್ಲ. ಭಾವನ ನಂಬರಿಗೆ ಮಾಡಿದೆ. ಯಾರೋ ಅಪರಿಚಿತರು ಎತ್ತಿ, "ಫೋನ್ ಕಾಲುವಿ ದಂಡಿಮ್ಯಾಲ ಟವೆಲ್ಲಿನಾಗ ಸುತ್ತಿ ಇಟ್ಟಿತ್ರಿ. ಮಂದಿ ಇಳಿದು ಹುಡುಕಾಕ ಹತ್ಯಾರ. ನೀವು ಏನ್ ಆಗಬೇಕ್ರಿ?" ಎಂದರು. ನಾನು ಫೋನ್ ಇಟ್ಟುಬಿಟ್ಟೆ. ಶಿವನೇ, ಚಪ್ಪಲಿ ಜೋಡಿಸಿ, ಟವೆಲ್ಲು ಮಡಿಸಿ ಇಟ್ಟು ಹೋಗುವಷ್ಟು ಏನಾಗಿತ್ತು ಈ ಮನುಷ್ಯನಿಗೆ?

ಅಕ್ಕನ ಮನೆ ಮುಂದೆ ಮಂದಿ ಸೇರಿತ್ತು. ಒಳಗೆ ಅಕ್ಕ ಅಡುಗೆಮನೆಯ ಗೋಡೆಗೆ ಒರಗಿ ಕುಳಿತಿದ್ದಳು. ಅಳುತ್ತಿರಲಿಲ್ಲ. ಪಕ್ಕದ ಮನೆಯ ಹೆಂಗಸು ಅವಳ ಬೆನ್ನು ಸವರುತ್ತಿದ್ದಳು. ನಾನು ಹೋಗಿ ತಬ್ಬಿಕೊಂಡರೆ ಅಕ್ಕ ನನ್ನನ್ನು ತಳ್ಳಿ ಮುಖ ನೋಡಿದಳು.

"ಜಿಗುಪ್ಸೆ ಅಂದ್ರೇನು?" ಎಂದು ಕೇಳಿದಳು.

ಕಂಪ್ಲಿಯ ಯಾವುದೋ ಗುಂಪಿನಲ್ಲಿ ಅದೇ ಸುದ್ದಿ ತಿರುಗಿ, ಓಣಿಯವರು ಫೋಟೋದ ಸೀಟು ಗುರುತಿಸಿ ಅವಳಿಗೆ ಓದಿ ಹೇಳಿಬಿಟ್ಟಿದ್ದರು.

"ನೀನ ದಿನಾ ಬರಿತಿಯಲ್ಲ, ಹೇಳು. ಬ್ಯಾಸರ ಅಂದಂಗೇನು?"

"ಹೂಂ, ಅಕ್ಕ. ಬ್ಯಾಸರ. ಸುಮ್ನ ಬರೀತಾರ ಹಂಗ."

"ಸುಳ್ಳು ಹೇಳಬ್ಯಾಡ. ಬ್ಯಾಸರ ಇದ್ರ ಬ್ಯಾಸರ ಅಂತಿದ್ರು." ಅವಳು ಸೆರಗಿನಿಂದ ಎರಡೂ ಕೈ ಹೊರತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು. "ಹೇಸಿಗಿ ಅಲ್ಲ? ಹೇಸಿಗಿ ಬಂದು ಹ್ವಾದ್ರು."

ಆಮೇಲೆ ಅವಳು ಹೇಳಿದ್ದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಎರಡು ತಿಂಗಳಿಂದ ಭಾವ ಅವಳ ಕೈಯ ರೊಟ್ಟಿ ಮುಟ್ಟಿಲ್ಲ. ಜೋಳದ ರೊಟ್ಟಿ ಇಲ್ಲದಿದ್ದರೆ ಊಟವೇ ಅಲ್ಲ ಎನ್ನುತ್ತಿದ್ದ ಮನುಷ್ಯ, ಒಂದು ದಿನ ಇದ್ದಕ್ಕಿದ್ದಂತೆ, "ನಾಳಿಂದ ರೊಟ್ಟಿ ಬ್ಯಾಡ, ಅನ್ನ ಸಾಕು" ಎಂದರಂತೆ. ಯಾಕೆ ಎಂದರೆ, "ಬ್ಯಾಡ ಅಂದೆನಲ್ಲ." ಅಷ್ಟೇ. ಅನ್ನದ ತಟ್ಟೆಯನ್ನೂ ಎತ್ತಿಕೊಂಡು ಹೊರಗಿನ ಕಟ್ಟೆಗೆ ಹೋಗಿ, ಬೆನ್ನು ತಿರುಗಿಸಿ ಕುಳಿತು ಉಣ್ಣುವುದು.

"ಮಂದಿ ಬುಟ್ಟಿ ತಳಕ್ಕ ಹಾಕಿದ್ರ ತಡ್ಕೊಂಡೆ," ಎಂದಳು ಅಕ್ಕ. "ಮಂದಿ ಏನು, ಇವತ್ತ ಇರ್ತಾರ, ನಾಳೆ ಹೊಕ್ಕಾರ. ಇವ್ರು ನನ್ನ ಮುಂದ ಕುಂತು ಉಣ್ಣಾಕೂ ಹೇಸಿದ್ರಲ್ಲ. ಸತ್ತ್ರ ಸಾಯ್ಲಿ ಅನ್ನಾಕ ನನಗ ಬಾಯಿ ಬರಂಗಿಲ್ಲ. ಖರೇ ಹೇಳು, ನನ್ನ ಕಂಡು ಹೇಸಿ ಹ್ವಾದ್ರೋ ಹೆಂಗ? ಅದೊಂದು ಗೊತ್ತಾದ್ರ ಸಾಕು ನನಗ."

ಪತ್ರಿಕೆಯಲ್ಲಿ ಇಷ್ಟು ವರ್ಷ ಆ ಮಾತನ್ನು ನೂರಾರು ಮನೆಗಳ ಬಾಗಿಲಿಗೆ ಕಳಿಸಿದ್ದೇವೆ. ಒಂದು ಮನೆಯಲ್ಲಾದರೂ ಹೀಗೆ ಯಾರೋ ಗೋಡೆಗೆ ಒರಗಿ, ಜಿಗುಪ್ಸೆ ಯಾರ ಮೇಲೆ ಎಂದು ಕೇಳಿಕೊಂಡಿರಬಹುದು ಎಂಬುದು ನನಗೆ ಹೊಳೆದೇ ಇರಲಿಲ್ಲ. ಜೀವನದ ಮೇಲೆ ಅಂದರೆ ಯಾರ ಮೇಲೆ? ಜೀವನ ಎಂದರೆ ಆ ಮನೆ, ಆ ಊಟ, ಆ ಹೆಂಡತಿ. ನನಗೆ ಆಗ ಅಳು ಬಂತು, ತಡೆಯಲಾಗಲಿಲ್ಲ. ಸಮಾಧಾನ ಹೇಳಲು ಹೋದವಳನ್ನು ಅಕ್ಕನೇ ಸಮಾಧಾನ ಮಾಡಬೇಕಾಯಿತು.

ಬಂಡ್ರಿಗೆ ಕೊಟ್ಟ ಅವಳ ಮಗಳು ಅತ್ತುಕೊಂಡು ಹೊರಟಿದ್ದಾಳೆ ಎಂಬ ಫೋನ್ ಬಂತು. ಬಿಸಿಲು ನೆತ್ತಿಗೆ ಏರಿತು. ಯಾರೂ ಒಲೆ ಹಚ್ಚಲಿಲ್ಲ. ಇಂಥ ಹೊತ್ತಿನಲ್ಲಿ ಪಕ್ಕದ ಮನೆಯ ಹೆಂಗಸಿನ ಗಂಡ ಕಾಲುವೆಯ ಹತ್ತಿರದಿಂದ ಫೋನ್ ಮಾಡಿದ. ಆಕೆ ಸ್ಪೀಕರಿಗೆ ಹಾಕಿದಳು. ಹಿಂದೆ ಭಾರೀ ಗದ್ದಲ, ಯಾರೋ ನಗುತ್ತಿದ್ದಾರೆ, ಯಾರೋ ಬೈಯುತ್ತಿದ್ದಾರೆ.

"ಏ, ಸಿಕ್ಕ್ರಲೇ! ಅದಾರ, ಗಟ್ಟಿಮುಟ್ಟ ಅದಾರ! ಅವ್ರ ಬಂದು ಹುಡುಕಾಕ ಹತ್ತಿದ್ರು!"

"ಯಾರನ್ನ ಹುಡುಕಾಕ ಹತ್ತಿದ್ರು?" ಎಂದು ನಾನು ಕಿರುಚಿದೆ.

"ತಮ್ಮನ್ನ ತಾವ!"

ನಡೆದದ್ದು ಇಷ್ಟು. ಕೆಳಗಿನ ಗದ್ದೆಗಳಿಗೆ ನೀರು ಬಂದಿರಲಿಲ್ಲ. ಭಾವ ನಸುಕಿನಲ್ಲೇ ಎದ್ದು ಮೊಪೆಡ್ಡನ್ನು ದಾರಿ ಇರುವವರೆಗೆ ಒಯ್ದು ನಿಲ್ಲಿಸಿದ್ದಾರೆ. ಕಾಲುವೆ ಏರಿಯ ಎರೆಮಣ್ಣಿನಲ್ಲಿ ಚಪ್ಪಲಿ ಜಾರುತ್ತದೆ, ಆದ್ದರಿಂದ ಬಿಟ್ಟಿದ್ದಾರೆ. ನೀರಿಗಿಳಿಯಬೇಕಾದೀತೆಂದು ಫೋನನ್ನು ಟವೆಲ್ಲಿನಲ್ಲಿ ಸುತ್ತಿಟ್ಟಿದ್ದಾರೆ. ಬರಿಗಾಲಲ್ಲಿ ಮೇಲಕ್ಕೆ ನಡೆದು, ಸೇತುವೆ ದಾಟಿ ನೋಡಿದರೆ, ಯಾರೋ ಆಚೆ ದಡದ ತೂಬಿನ ಬಾಯಿಗೆ ಕಲ್ಲು, ಮರಳಿನ ಚೀಲ ಒಟ್ಟಿ ನೀರು ತಿರುಗಿಸಿಕೊಂಡಿದ್ದಾರೆ. ಎಲ್ಲ ಕಿತ್ತು ಹಾಕಿದರು. ಕಿತ್ತು ಹಾಕಿ ಮನೆಗೆ ಬಂದರೆ ಆಗಲಿಲ್ಲ, ಬೆನ್ನು ತಿರುಗಿಸಿದ ಕೂಡಲೇ ಮತ್ತೆ ಮುಚ್ಚುತ್ತಾರೆ. ನೀರು ಕೊನೆಯ ಗದ್ದೆ ಮುಟ್ಟುವವರೆಗೆ ತೂಬಿನ ಮೇಲೆ ಕುಳಿತು ಕಾಯಬೇಕು. ನಮ್ಮ ಕಡೆ ನೀರಾವರಿ ಎಂದರೆ ಅರ್ಧ ಇದೇ ಕೆಲಸ. ಹಾಗೆ ಕುಳಿತಿದ್ದಾಗ ದಾರಿಹೋಕನೊಬ್ಬ, "ಕೆಳಗ ಯಾರೋ ಕಾಲುವಿಗೆ ಬಿದ್ದಾರಂತ್ರಿ, ಪಾಪ" ಎಂದಿದ್ದಾನೆ. ಭಾವ ಪಾಪ ಎಂದುಕೊಂಡು, ನೀರು ಕಾಯುವುದನ್ನೂ ಬಿಟ್ಟು ಅಷ್ಟು ದೂರ ನಡೆದುಬಂದು, ಎದುರಿನ ದಡದಿಂದಲೇ ಪಂಚೆ ಕಟ್ಟಿ ಇಳಿದು, ಗಳ ಹಿಡಿದು ಹುಡುಕಿದ್ದಾರೆ. ಈ ದಡಕ್ಕೆ ಹತ್ತಿದಾಗ ಕೌದಿಯ ಸೀಟು ಕಂಡು, "ಇದು ನನ್ನ ಗಾಡಿ ಐತಲ್ಲೋ! ಯಾಕ ಮುತ್ತಿಗಿ ಹಾಕೀರಿ?" ಎಂದರಂತೆ. ನಮ್ಮ ವರದಿಗಾರ ಮೆಲ್ಲಗೆ ಹಿಂದೆ ಸರಿದನಂತೆ.

ಅಯ್ಯೋ, ಆಗ ಅಕ್ಕನ ಮನೆಯಲ್ಲಿ ಎದ್ದ ಗದ್ದಲ! ಓಣಿಯ ಹೆಂಗಸರೆಲ್ಲ ಒಟ್ಟಿಗೆ ಭಾವನನ್ನು ಬೈದರು. ಅಷ್ಟು ಹೊತ್ತು ಅವರ ಗುಣಗಾನ ಮಾಡಿದವರೇ, "ಒಂದ್ ಮಾತ್ ಹೇಳಿ ಹೋಗಾಕ ಏನ್ ಧಾಡಿ!" ಎಂದರು. ನಾನು ಅಕ್ಕನ ಮಗಳಿಗೆ ಫೋನ್ ಮಾಡಿ ಅಳುತ್ತಲೇ ನಕ್ಕೆ, ಅವಳೂ ನಕ್ಕಳು, ಬಸ್ಸಿನವರು ಏನು ತಿಳಿದರೋ. ಎದೆಯ ಮೇಲಿಂದ ಬಂಡೆ ಇಳಿಸಿದ ಹಾಗಿತ್ತು. ಅಕ್ಕ ಎದ್ದು ಮುಖ ತೊಳೆದಳು, ದೇವರ ಮುಂದೆ ನಿಂತು ವಿಭೂತಿ ಹಚ್ಚಿಕೊಂಡಳು, ಒಲೆ ಹಚ್ಚಿ ಅನ್ನಕ್ಕೆ ಇಟ್ಟಳು. ಆದರೆ ನಗಲಿಲ್ಲ.

ಭಾವ ಬಂದರು. ಮೊಣಕಾಲವರೆಗೆ ಕೆಸರು, ತಲೆಗೆ ಟವೆಲ್ಲು. ಮಂದಿಯನ್ನು ನೋಡಿ ನಾಚಿಕೊಂಡು, ಕಾಲು ತೊಳೆದು, ನೇರವಾಗಿ ಒಳಗೆ ಬಂದು, "ಹಸಿವ್ಯಾಗೇತಿ, ನೀಡು" ಎಂದರು. ಅಕ್ಕ ನೀಡಲಿಲ್ಲ. ಅನ್ನದ ಬೋಗುಣಿಯ ಮುಂದೆ ನಿಂತು ಕೇಳಿದಳು:

"ನಿಮಗ ಜಿಗುಪ್ಸೆ ಬಂದೈತೇನ್ರಿ?"

"ಏನು?" ಭಾವ ನನ್ನ ಕಡೆ ನೋಡಿದರು. "ಅದ್ಯಾವ ರೋಗವ್ವ?"

"ಹೇಸಿಗಿ, ಭಾವ," ಎಂದೆ. "ನಿಮಗ ಜೀವನದ ಮ್ಯಾಲೆ ಹೇಸಿಗಿ ಬಂದೈತಿ ಅಂತ ಬರದಾರ."

"ನನಗ ಹೇಸಿಗಿ ಬಂದಿದ್ದು ಆ ತೂಬಿಗೆ ಕಲ್ಲು ಒಟ್ಟಿದ್ನಲ್ಲ, ಅವನ ಮ್ಯಾಲೆ!"

ಬಾಗಿಲಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ಅಕ್ಕ ಮಾತ್ರ ಅಲ್ಲಾಡಲಿಲ್ಲ.

"ಹಂಗಾದ್ರ ರೊಟ್ಟಿ ಯಾಕ ಬಿಟ್ಟ್ರಿ?"

ನಗು ನಿಂತಿತು. ಭಾವ ಮಂದಿಯನ್ನು ನೋಡಿದರು, ನೆಲ ನೋಡಿದರು. "ಈಗ್ಯಾಕ ಅದು?" ಎಂದರು.

"ಈಗ ಬೇಕು. ಎಲ್ಲಾರ ಮುಂದ ಬೇಕು. ಬೆಳಿಗ್ಗಿಂದ ಅದನ್ನ ಹಿಡ್ಕೊಂಡು ಕುಂತೀನಿ."

ಭಾವ ತಲೆಯ ಟವೆಲ್ಲು ಬಿಚ್ಚಿ ಹೆಗಲಿಗೆ ಹಾಕಿಕೊಂಡರು. ಆಮೇಲೆ ಸಿಟ್ಟಿನಿಂದಲೇ ಹೇಳಿದರು: "ಅವತ್ತು ಹಿಟ್ಟಿನಾಗ ರಕ್ತ ಕಂಡೆ. ನೀ ಬಡಿಯಾಕ ಹತ್ತಿದ್ದಿ, ಬೆರಳು ಬಿರಿದು ಹಿಟ್ಟು ಕೆಂಪಾಗಿತ್ತು. ಅದನ್ನ ಕಿತ್ತು ಒಲಿಗೆ ಒಗೆದಿ, ಮತ್ತ ಬಡದಿ."

ಅಕ್ಕನ ಮುಖ ಇಳಿದುಹೋಯಿತು. "ಅದಕ್ಕ ಹೇಸಿಗಿ ಆತು," ಎಂದಳು, ಕೇಳುವ ಹಾಗಲ್ಲ, ಒಪ್ಪಿಕೊಳ್ಳುವ ಹಾಗೆ.

"ಏ ಹುಚ್ಚಿ! ಹೇಸಿಗಿ ಯಾಕ ಆಗ್ಲಿ? ನಿನ್ನ ರಕ್ತಕ್ಕ ನಾ ಹೇಸ್ತೀನೇನಲೇ? ಸಂಕಟ ಆತು ನನಗ. ರೊಟ್ಟಿ ಗಂಟಲದಾಗ ಇಳೀಲಿಲ್ಲ. ರೊಟ್ಟಿ ಬ್ಯಾಡ ಅಂದ್ರ ಬಡಿಯೂದು ಬಿಡ್ತಿ ಅಂತ ಅನ್ನ ಸಾಕು ಅಂದೆ. ನನಗೇನು ಅನ್ನ ಸೇರತೈತೇನು? ಎರಡು ತಿಂಗಳಾತು ಹೊಟ್ಟಿ ತುಂಬ ಉಂಡು. ಅರ್ಧ ತಟ್ಟಿ ಬಿಡ್ತಿದ್ದೆ, ನೀ ನೋಡಿದ್ರ ಮತ್ತ ರೊಟ್ಟಿಗೆ ಕುಂದ್ರತಿ ಅಂತ ಹೊರಗ ಹೋಗಿ ನಾಯಿಗೆ ಹಾಕ್ತಿದ್ದೆ."

"ಹೇಳಾಕ ಏನಾಗಿತ್ತು ನಿಮ್ಮ ಬಾಯಿಗೆ?"

"ಹೇಳಿದ್ರ ಕೇಳ್ತಿದ್ದಿಯೇನು? 'ಏನ್ ಆಗಂಗಿಲ್ಲ ತಗೋರಿ' ಅಂತ ಮತ್ತ ಬಡೀತಿದ್ದಿ. ನನಗ ಗೊತ್ತಿಲ್ಲೇನು ನಿನ್ನ?"

ಭಾವ ಹೇಳಿದ್ದು ಅಕ್ಷರಶಃ ನಿಜ, ಅಕ್ಕ ಹಾಗೇ ಮಾಡುತ್ತಿದ್ದಳು. ಅವಳು ಬಾಯಿಗೆ ಸೆರಗು ಒತ್ತಿಕೊಂಡು, ಬೆಳಗಿನಿಂದ ತಡೆದದ್ದನ್ನೆಲ್ಲ ಒಮ್ಮೆಲೇ ಅತ್ತುಬಿಟ್ಟಳು. ಯಾರೂ ಸಮಾಧಾನ ಮಾಡಲು ಹೋಗಲಿಲ್ಲ. ಬೇಕೂ ಇರಲಿಲ್ಲ. ಅತ್ತು ಮುಗಿಸಿ ಮೂಗು ಒರೆಸಿ, ಕೈ ತೊಳೆದು ತಟ್ಟೆಗೆ ಅನ್ನ ಹಾಕಿದಳು, ಮೊಸರು ಹಾಕಿದಳು. ಈಚೆಗೆ ಅವಳು ಎಲ್ಲಕ್ಕೂ ಚಮಚವನ್ನೇ ಹಿಡಿಯುತ್ತಿದ್ದಳು. ಅವತ್ತು ಬರಿಗೈಯಲ್ಲೇ ಕಲಸಿ, ಒಂದು ತುತ್ತು ಮಾಡಿ, ಗಂಡನ ಮುಖದ ಮುಂದೆ ಹಿಡಿದಳು.

"ಬಾಯಿ ತೆಗೀರಿ."

"ಏ, ಮಂದಿ ಅದಾರಲೇ," ಎಂದರು ಭಾವ.

"ಇರ್ಲಿ. ನೋಡ್ಲಿ."

ನಾನು, ಪಕ್ಕದ ಮನೆಯಾಕೆ, ಬಾಗಿಲಲ್ಲಿ ಕುತ್ತಿಗೆ ಚಾಚಿ ನಿಂತ ಇಡೀ ಓಣಿ, ಎಲ್ಲರೂ ನೋಡುತ್ತಿದ್ದೆವು. ಭಾವ ಮೀಸೆ ಸರಿಮಾಡಿಕೊಂಡು, ಅಷ್ಟು ದೊಡ್ಡ ಮನುಷ್ಯ, ಸಣ್ಣ ಹುಡುಗರ ಹಾಗೆ ಬಾಯಿ ತೆರೆದರು. ಅಕ್ಕ ಅವಸರವಿಲ್ಲದೆ, ತುತ್ತಿನ ಜೊತೆ ತನ್ನ ಬೆರಳುಗಳನ್ನೂ ಅವರ ತುಟಿಗೆ ತಾಗಿಸಿ ಇಟ್ಟಳು. ಅವರು ನುಂಗುವವರೆಗೆ ಗಂಟಲನ್ನೇ ನೋಡಿದಳು. ಆಮೇಲೆ ಇನ್ನೊಂದು ತುತ್ತು ಕಲಸಿದಳು.